ಒಕ್ಕಲೆದ್ದ ಮನೆಗಳು

ಪಟ್ಟಣಗಳಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವ ನಮ್ಮಂಥವರಿಗೆ ಮನೆ ಬದಲಾಯಿಸುವುದೆಂದರೆ ಒಂದು ಲಾರಿ, ನಾಲ್ಕು ಆಳು, ಒಂದು ಭಾನುವಾರ. ಪಾತ್ರೆಪಡಗ ಗೋಣಿಚೀಲಕ್ಕೆ, ಪುಸ್ತಕ ರಟ್ಟಿನ ಪೆಟ್ಟಿಗೆಗೆ, ದೇವರ ಪಟ ಮನೆಯಾಕೆಯ ಮಡಿಲಿಗೆ. ಸಂಜೆಯ ಹೊತ್ತಿಗೆ ಹೊಸ ಒಲೆಯ ಮೇಲೆ ಹಾಲು ಉಕ್ಕಿದರೆ ಆಯಿತು. ಗೋಡೆಗೆ ಹೊಡೆದ ಮೊಳೆಯನ್ನು ಕೀಳುವ ಗೋಜಿಗೂ ನಾವು ಹೋಗುವುದಿಲ್ಲ. ಆದರೆ ಸಾಮಾನನ್ನಷ್ಟೇ ಅಲ್ಲ, ಮನೆಯನ್ನೇ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋದವರು ನಮ್ಮ ಮಲೆನಾಡಿನಲ್ಲಿ ಉಂಟು. ಅಣೆಕಟ್ಟಿನ ಎತ್ತರ ಉದ್ದಗಳನ್ನು ವಿವರವಾಗಿ ಹೇಳುವ ಪುಸ್ತಕಗಳು ಅವರ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಶಂಕರಘಟ್ಟದಲ್ಲಿ ನಿಂತು ನೋಡಿದರೆ ಈ ಕಥೆ ಚೆನ್ನಾಗಿ ಕಾಣುತ್ತದೆ. ಶಿವಮೊಗ್ಗದಿಂದ 28 ಕಿಲೋಮೀಟರು, ಭದ್ರಾವತಿಯಿಂದ 18. ಊರು ಚಿಕ್ಕದು, ಸುತ್ತಲಿನ ಸೀಮೆ ಮಾತ್ರ ಬೇರೆ ಬೇರೆ ಕಡೆಯಿಂದ ಬಂದು ನೆಲೆನಿಂತವರದು. ಅತ್ತ ಭದ್ರಾವತಿ, ಹಿಂದೆ ಬೆಂಕಿಪುರವೆನಿಸಿಕೊಂಡಿದ್ದು, 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ ಮೇಲೆ ಊರೂರಿನ ಜನರ ಪಟ್ಟಣವಾಯಿತು. ಇತ್ತ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು, 1947ರಲ್ಲಿ ಆರಂಭವಾಗಿ 1965ರಲ್ಲಿ ಮುಗಿದದ್ದು. ಅದರ ಕೆಲಸಕ್ಕಾಗಿ ಬಂದವರ ವಸತಿಗೆ ಯೋಜನೆಯ ಹೆಸರೇ ಅಂಟಿಕೊಂಡು, ಇಂದಿಗೂ ಜನ ಅದನ್ನು ಬಿ.ಆರ್. ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ಅಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿ, ಶಂಕರಘಟ್ಟದ ಆವರಣ ಜ್ಞಾನಸಹ್ಯಾದ್ರಿಯಾಯಿತು. ನೌಕರಿಯ ಮೇಲೆ ಬಂದವರಿಗೆ ಸಂಬಳವುಂಟು, ವರ್ಗವಾದರೆ ಪ್ರಯಾಣ ಭತ್ಯೆಯೂ ಉಂಟು. ಅವರ ಮಾತು ಇಷ್ಟು ಸಾಕು. ನನಗೆ ಹೇಳಬೇಕೆನಿಸಿರುವುದು ನೀರಿಗಾಗಿಯೂ ಕಾಡಿಗಾಗಿಯೂ ಮನೆ ಬಿಟ್ಟುಕೊಟ್ಟವರ ವಿಷಯ.

ನೀರಿನ ಕಥೆ ಶರಾವತಿಯದು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1964ರಲ್ಲಿ ಲಿಂಗನಮಕ್ಕಿ. ಎರಡನೆಯದರ ತುಂಬು ಮಟ್ಟ ಸಮುದ್ರಕ್ಕಿಂತ 1819 ಅಡಿ, ಆ ನೀರಿನಲ್ಲಿ ಮೊದಲನೆಯ ಅಣೆಕಟ್ಟೇ ಮುಳುಗಿಹೋಯಿತು. ಬೇಸಗೆಯಲ್ಲಿ ನೀರು ಇಳಿದಾಗ ಅದು ಈಗಲೂ ತಲೆ ಎತ್ತುತ್ತದೆ. ಕಟ್ಟಿ ಹದಿನಾರು ವರ್ಷಕ್ಕೆ ಅಣೆಕಟ್ಟಿಗೇ ಮುಳುಗಡೆಯ ಪಾಡು ಬಂದ ಮೇಲೆ ಮನುಷ್ಯರದೇನು? ಮೊದಲ ನೀರಿಗೆ ಅಂಜಿ ಮೇಲಿನ ದಿಣ್ಣೆಯಲ್ಲಿ ಮನೆ ಕಟ್ಟಿಕೊಂಡವರಲ್ಲಿ ಎರಡನೆಯ ನೀರಿಗೆ ಮತ್ತೆ ಎದ್ದವರಿದ್ದಾರೆ. ಸಾಗರ, ಹೊಸನಗರ ತಾಲ್ಲೂಕುಗಳಿಂದ ಒಕ್ಕಲೆದ್ದ ಕುಟುಂಬಗಳಿಗೆ ಜಿಲ್ಲೆಯ ಬೇರೆಡೆಗಳಲ್ಲಿ, ಶಿವಮೊಗ್ಗ ಭದ್ರಾವತಿಗಳ ಕಾಡಂಚಿನಲ್ಲಿಯೂ, ನೆಲ ತೋರಿಸಿದರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಇದನ್ನು ಹತ್ತಿರದಿಂದ ಕಂಡ ನಾ. ಡಿಸೋಜರು ಬರೆದ 'ಮುಳುಗಡೆ', 'ದ್ವೀಪ' ಕಾದಂಬರಿಗಳಿಲ್ಲದಿದ್ದರೆ ನಗರದ ಓದುಗರಿಗೆ ಈ ಸಂಗತಿ ಇಷ್ಟಾದರೂ ತಲುಪುತ್ತಿತ್ತೋ ಇಲ್ಲವೋ.

ಹಂಚಿನ ಮನೆಯನ್ನು ಬಿಚ್ಚುವುದು ಕಟ್ಟುವುದಕ್ಕಿಂತ ಹೆಚ್ಚು ಯೋಚನೆಯ ಕೆಲಸ. ಮೊದಲು ಇಳಿಯುವುದು ಹಂಚು, ಹೊಸ ನೆಲದಲ್ಲಿ ಕೊನೆಗೆ ಏರುವುದೂ ಅದೇ. ಇಲ್ಲಿ ಕೊನೆಗೆ ಕೀಳುವ ಕಂಬ ಅಲ್ಲಿ ಮೊದಲು ನಿಲ್ಲಬೇಕು. ಹೀಗಾಗಿ ಮೊದಲ ಗಾಡಿಯಲ್ಲಿ ಹೋದ ಹಂಚನ್ನು ಬಯಲಿನಲ್ಲಿ ಒಟ್ಟಿ ಕಾಯುತ್ತ ಕೂರಬೇಕು. ಕಾಯಲು ಒಬ್ಬ ಬೇಕು, ಅವನಿಗೆ ಅನ್ನ ಬೇಯಿಸಿ ಹಾಕಲು ಇನ್ನೊಬ್ಬರು ಬೇಕು. ಅಲ್ಲಿಗೆ ಕುಟುಂಬ ಎರಡಾಯಿತು. ಅರ್ಧ ಮಂದಿ ಮಾಡಿಲ್ಲದ ಹಳೆಯ ಗೋಡೆಗಳ ನಡುವೆ, ಅರ್ಧ ಮಂದಿ ಹೊಸ ಜಾಗದ ಸೋಗೆಯ ಗುಡಿಸಲಿನಲ್ಲಿ. ತೊಲೆ, ಪಕಾಸಿ, ರೀಪುಗಳಿಗೆ ಗುರುತು ಹಾಕದೆ ಹೇರಿದರೆ ಅಲ್ಲಿ ಆಚಾರಿ ತಲೆ ಕೆರೆದುಕೊಳ್ಳಬೇಕು. ಕಾಲವನ್ನೂ ನೋಡಬೇಕು. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಮುಗಿಯುವ ತನಕ ಅಂಗಳ ಬಿಡುವಂತಿಲ್ಲ, ಜೂನಿನ ಮಳೆ ಹಿಡಿಯುವುದರೊಳಗೆ ಹೊಸ ಮಾಡು ಏರಿರಬೇಕು. ನಡುವೆ ಸಿಕ್ಕುವುದು ಮೂರು ನಾಲ್ಕು ತಿಂಗಳು. ಅದರಲ್ಲಿ ಪಂಚಾಂಗ ಒಪ್ಪುವ ದಿನಗಳು ಇನ್ನೂ ಕಡಮೆ. ದನಗಳನ್ನು ನಡೆಸಿಕೊಂಡೇ ಹೋಗಬೇಕು, ಗಬ್ಬದ ಹಸುವಿದ್ದರೆ ಅದರ ದಿನ ಎಣಿಸಿ ಹೊರಡಬೇಕು. ಬಿತ್ತನೆ ಬತ್ತ, ಉಪ್ಪಿನಕಾಯಿ ಭರಣಿ, ಒರಳುಕಲ್ಲು, ಬಾಣಂತಿ, ಹಾಸಿಗೆ ಹಿಡಿದ ಮುದುಕರು, ಎಲ್ಲಕ್ಕೂ ಒಂದು ಸರದಿ ಬೇಕು. ಹಿರಿಯರ ಬಾಯಲ್ಲಿ ನಾನು ಇದನ್ನು ಕೇಳಿದಾಗಲೆಲ್ಲ ಗಂಡಸರು ಲಾರಿಯ ಬಾಡಿಗೆ ಎಷ್ಟಾಯಿತೆಂದು ಹೇಳುತ್ತಿದ್ದರು. ಯಾವ ಗಂಟಿನಲ್ಲಿ ಏನಿತ್ತು, ಯಾವುದು ಮೊದಲು ಬಿಚ್ಚಿತು ಎಂಬುದನ್ನು ಹೆಂಗಸರು ಹೇಳುತ್ತಿದ್ದರು. ಮನೆ ಸಾಗಿಸುವ ಯೋಜನೆ ಮಾಡಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಯಾವ ಗಾಡಿಗೂ ಹೇರಲಾರದ್ದು ತೋಟ. ಅಡಿಕೆ ಸಸಿ ನೆಟ್ಟರೆ ಫಸಲಿಗೆ ಆರೇಳು ವರ್ಷ ಕಾಯಬೇಕು. ತೋಟದೊಡೆಯ ಪರಿಹಾರದ ಹಣ ಹಿಡಿದು ಬಂದಿದ್ದರೂ ಆ ಆರೇಳು ವರ್ಷ ಕುಳಿತು ಉಣ್ಣಬೇಕು. ಗೇಣಿಯವನ ಪಾಡು ಇನ್ನೂ ಕಷ್ಟ. ಉಳುವವನೇ ಒಡೆಯನೆಂದು ಭೂಸುಧಾರಣೆಯ ತಿದ್ದುಪಡಿ ಬಂದದ್ದು 1974ರಲ್ಲಿ, ಕಾಗೋಡಿನ ಸತ್ಯಾಗ್ರಹ ನಡೆದದ್ದು 1951ರಲ್ಲಿ. ನೀರು ಬಂದದ್ದು ಎರಡರ ನಡುವೆ. ತಲೆಮಾರುಗಳಿಂದ ಉತ್ತ ನೆಲ ಮುಳುಗುವಾಗ ಕಾಗದದಲ್ಲಿ ಒಡೆಯನೆಂದು ಇದ್ದ ಹೆಸರು ಉತ್ತವನದಲ್ಲ.

ಕಾಡಿನ ಕಥೆ ಈಚಿನದು, ನಡೆದದ್ದು ಶಂಕರಘಟ್ಟದ ನೆರೆಯಲ್ಲಿ. ಭದ್ರಾ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿನ ಹಳ್ಳಿಗಳನ್ನು ಹೊರಗೆ ತರಬೇಕೆಂಬ ಮಾತು ಎರಡು ದಶಕಕ್ಕೂ ಮೇಲ್ಪಟ್ಟು ಮಾತಾಗಿಯೇ ಉಳಿದಿತ್ತು. ಆ ಹಳ್ಳಿಗಳು ಎದ್ದದ್ದು 2001-02ರ ಸುಮಾರಿಗೆ. ಹೆಚ್ಚಿನವರು ಲಕ್ಕವಳ್ಳಿ ಕಡೆಯ ಎಂ.ಸಿ. ಹಳ್ಳಿಗೆ ಬಂದರು, ಕೆಲವರು ಚಿಕ್ಕಮಗಳೂರು ಕಡೆಯ ಕೆಳಗೂರಿಗೆ ಹೋದರು. ಕೃತಿ ಕಾರಂತರು ಈ ಸ್ಥಳಾಂತರವನ್ನು 2002ರಲ್ಲಿಯೂ ಮತ್ತೆ 2006ರಲ್ಲಿಯೂ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಟ್ಟು 419 ಕುಟುಂಬಗಳು. ಸರ್ಕಾರವೂ ಸಂಸ್ಥೆಗಳೂ ಮಾಡಿದ ಖರ್ಚು ಕಡಮೆಯೆಂದರೂ 40.2 ಲಕ್ಷ ಡಾಲರು. ಅದರ ಮೇಲೆ ಎದ್ದುಬಂದ ಜನ ತಮ್ಮ ಕೈಯಿಂದ ಹಾಕಿದ್ದು 4.6 ಲಕ್ಷ ಡಾಲರು. ಶೇಕಡ 71 ಮಂದಿ ಹೊಸ ಬಾಳು ತೃಪ್ತಿಕರವೆಂದರು. ದೇಶದಲ್ಲಿ ಇಂಥ ಸ್ಥಳಾಂತರಗಳ ಸಾಮಾನ್ಯ ಕಥೆಯನ್ನು ಬಲ್ಲವರಿಗೆ ಇದು ದೊಡ್ಡ ಸಂಖ್ಯೆಯೇ ಸರಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಶರಾವತಿಯವರಿಗೆ ಸಿಕ್ಕಿದ್ದು ಕಾಡು ಸವರಿ ಹಸನು ಮಾಡಿಕೊಳ್ಳಬೇಕಾದ ನೆಲ. ಎಂ.ಸಿ. ಹಳ್ಳಿಯವರಿಗೆ ಸಿಕ್ಕಿದ್ದು ಭದ್ರಾ ನಾಲೆಯ ನೀರು ಹರಿಯುವ ಬಯಲು, ಬಂದ ವರ್ಷವೇ ಪೈರು ಕಂಡ ಬಯಲು. ಹೊರಡುವ ಮನೆಗಿಂತ ಸೇರುವ ಮನೆಯ ಕಡೆ ಮೊದಲು ಗಮನ ಕೊಟ್ಟರೆ ಅರ್ಧ ದುಃಖ ತಪ್ಪುತ್ತದೆಂಬುದು ಪ್ರತಿ ಗೃಹಿಣಿಗೂ ಗೊತ್ತಿರುವ ವಿಷಯ, ಸರ್ಕಾರಗಳಿಗೆ ಹೊಳೆಯಲು ಅರ್ಧ ಶತಮಾನ ಬೇಕಾಯಿತು. ಹಾಗೆಂದು ಉಳಿದ 29 ಮಂದಿಯನ್ನು ಮರೆಯುವುದೂ ಸಲ್ಲ. ಮನೆಯ ಹಿಂದೆಯೇ ಸೌದೆ, ಸೊಪ್ಪು, ಮೇವು ಇದ್ದ ಮನೆಯಾಕೆಗೆ ಬಯಲಿನಲ್ಲಿ ಎಲ್ಲಕ್ಕೂ ಕಾಸು ಬೇಕು. ಆ ಕಾಸನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆಯುವುದು?

ಇನ್ನು ಕಾಗದದ ಗಂಟು. ಶರಾವತಿಯವರ ಮನೆಗಳು ಅರುವತ್ತರ ದಶಕದಲ್ಲಿಯೇ ಬಂದಿಳಿದವು, ಅವರ ಕಾಗದಗಳು ಇನ್ನೂ ದಾರಿಯಲ್ಲಿವೆ. ತೋರಿಸಿದ ನೆಲ ಕಂದಾಯದ ಲೆಕ್ಕಕ್ಕೆ ವರ್ಗವಾಗದೆ ಎಷ್ಟೋ ಕಡೆ ಅರಣ್ಯವೆಂದೇ ದಾಖಲೆಯಲ್ಲಿ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಆ ಒಪ್ಪಿಗೆಯಿಲ್ಲದೆ ಹೊರಡಿಸಿದ್ದ ಆದೇಶಗಳು ಉಚ್ಚ ನ್ಯಾಯಾಲಯದ ತೀರ್ಪಿನ ಹಿಂದೆಯೇ 2021ರಲ್ಲಿ ರದ್ದಾದವು. ಮನೆಯಿದೆ, ತೋಟವಿದೆ, ಮೂರನೆಯ ತಲೆಮಾರು ಬೆಳೆದಿದೆ. ಆದರೆ ನೆಲದ ಕಾಗದವಿಲ್ಲದವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಮಕ್ಕಳು ಪಾಲು ಮಾಡಿಕೊಳ್ಳುವಂತಿಲ್ಲ. 2022ರ ನವೆಂಬರಿನಲ್ಲಿ ಈ ಬೇಡಿಕೆಗಾಗಿ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆಯಿತು. ಆಯನೂರು ಇರುವುದು ಸಾಗರದಿಂದ ಶಿವಮೊಗ್ಗಕ್ಕೆ ಬರುವ ಹಾದಿಯಲ್ಲಿ.