ಆಡುಗುಡ್ಡದ ಕೆಳಗಿನ ಬೀದಿ

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗೊಮರಿ. ನಾನು ಅಲ್ಲಿಗೆ ಹೋದವನಲ್ಲ. ನಕಾಶೆ ಹರಡಿಕೊಂಡು ನೋಡಿದ್ದೇನೆ, ಓದಿದ್ದೇನೆ, ಅಷ್ಟೆ. ರಾಜಧಾನಿ ಅಂದಮಾತ್ರಕ್ಕೆ ದೊಡ್ಡ ಊರೇನಲ್ಲ, 2020ರ ಜನಗಣತಿಯಲ್ಲಿ ಸುಮಾರು 2 ಲಕ್ಷ ಜನ. ಕೂಸಾ, ಟಲ್ಲಪೂಸಾ ಎಂಬ ಎರಡು ಹೊಳೆ ಕೂಡಿ ಅಲಬಾಮಾ ನದಿಯಾಗುತ್ತೆ. ಆ ನದಿ ತಿರುಗುವಲ್ಲಿ ಈ ಊರಿದೆ. ದಂಡೆಯಿಂದ ಕಾಮರ್ಸ್ ಬೀದಿ ಹಿಡಿದು ಮೇಲೆ ಬಂದರೆ ಕೋರ್ಟ್ ಸ್ಕ್ವೇರ್ ಎಂಬ ಚೌಕ. ಅಲ್ಲಿಂದ ಡೆಕ್ಸ್‌ಟರ್ ಅವೆನ್ಯೂ ನೇರವಾಗಿ ಒಂದು ಗುಡ್ಡ ಏರುತ್ತೆ. ಹಿಂದೆ ಆಡು ಮೇಯುತ್ತಿದ್ದ ಜಾಗ, ಅದಕ್ಕೇ ಗೋಟ್ ಹಿಲ್, ಆಡುಗುಡ್ಡ. ಅದರ ನೆತ್ತಿಯ ಮೇಲೆ ರಾಜ್ಯದ ಶಾಸನಭವನ. ಚೌಕದಿಂದ ಗುಡ್ಡಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ.

ಈ ಸೀಮೆಯದು ಕಪ್ಪು ಮಣ್ಣು. 'ಕಪ್ಪು ಪಟ್ಟಿ' ಅಂತಲೇ ಹೆಸರು. ನಮ್ಮ ಎರೆಹೊಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ, ಹತ್ತಿಯ ನೆಲ. ಅದು ಕ್ರೀಕ್ ಬುಡಕಟ್ಟಿನವರದಾಗಿತ್ತು. 1814ರಲ್ಲಿ ಅವರನ್ನು ಸೋಲಿಸಿ 2 ಕೋಟಿ ಎಕರೆಗೂ ಹೆಚ್ಚು ನೆಲ ಬರೆಸಿಕೊಂಡರು. 1819ರಲ್ಲಿ ಊರಾಯಿತು, 1846ರಲ್ಲಿ ರಾಜಧಾನಿಯಾಯಿತು. ನೆಲ ಸಿಕ್ಕಿತು, ದುಡಿಯೋರು ಯಾರು? ಹೊರದೇಶದಿಂದ ಗುಲಾಮರನ್ನು ತರುವುದಕ್ಕೆ 1808ರಿಂದಲೇ ನಿಷೇಧ. ಆದರೆ ದೇಶದೊಳಗೆ ಮಾರಬಹುದಿತ್ತಲ್ಲ! ವರ್ಜೀನಿಯಾದಂಥ ಹಳೇ ರಾಜ್ಯಗಳಿಂದ, ತಾಯಿಯಿಂದ ಮಗುವನ್ನು ಕಿತ್ತು, ದೋಣಿಯಲ್ಲಿ, ಆಮೇಲೆ ರೈಲಿನಲ್ಲಿ ತಂದು ಇಳಿಸಿದರು. ಕಾಮರ್ಸ್ ಅಂದರೆ ವ್ಯಾಪಾರ. ಆ ವ್ಯಾಪಾರದ ಬೀದಿಯಲ್ಲಿ ಸಂಕೋಲೆ ಹಾಕಿ ನಡೆಸಿ, ಚೌಕದಲ್ಲಿ ಹರಾಜು ಕೂಗಿದರು. 1860ರ ಹೊತ್ತಿಗೆ ಮಾಂಟ್‌ಗೊಮರಿ ಕೌಂಟಿಯ ಪ್ರತಿ ಮೂವರಲ್ಲಿ ಇಬ್ಬರು ಗುಲಾಮರು. ಇದನ್ನು ಉಳಿಸಿಕೊಳ್ಳಲೆಂದೇ ದಕ್ಷಿಣದ ರಾಜ್ಯಗಳು ಒಕ್ಕೂಟ ಒಡೆದವು. 1861ರ ಫೆಬ್ರವರಿ 18ರಂದು ಜೆಫರ್ಸನ್ ಡೇವಿಸ್ ಅವುಗಳ ಅಧ್ಯಕ್ಷನಾಗಿ ಪ್ರಮಾಣ ಮಾಡಿದ್ದು ಇದೇ ಆಡುಗುಡ್ಡದ ಮೇಲೆ.

ಗುಲಾಮಗಿರಿ ಕಾನೂನಿನಲ್ಲಿ ಸತ್ತಿತು, ಬಸ್ಸಿನಲ್ಲಿ ಬದುಕಿತ್ತು. ಮುಂದಿನ 10 ಸೀಟು ಬಿಳಿಯರದು. ಕಪ್ಪುಜನ ಮುಂಬಾಗಿಲಲ್ಲಿ ಕಾಸು ಕೊಟ್ಟು, ಇಳಿದು, ಹಿಂಬಾಗಿಲಲ್ಲಿ ಹತ್ತಬೇಕು. ಅಷ್ಟರಲ್ಲಿ ಬಸ್ಸು ಹೊರಟುಬಿಡುತ್ತಿದ್ದುದೂ ಉಂಟು. 1955ರ ಮಾರ್ಚ್‌ನಲ್ಲಿ ಹದಿನೈದರ ಹುಡುಗಿ ಕ್ಲಾಡೆಟ್ ಕಾಲ್ವಿನ್ ಸೀಟು ಬಿಡಲಿಲ್ಲ. ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಿಡಲಿಲ್ಲ. ಆಕೆ ಬಸ್ಸು ಹತ್ತಿದ್ದು ಆ ಹರಾಜಿನ ಚೌಕದಲ್ಲೇ. ಕಾಲು ನೋಯುತ್ತಿತ್ತು, ಪಾಪ, ಅದಕ್ಕೇ ಕೂತಳು ಅಂತ ಮಕ್ಕಳಿಗೆ ಕತೆ ಹೇಳುತ್ತಾರೆ. ಸುಳ್ಳು. ಆಕೆ 1943ರಿಂದಲೇ ಸಂಘಟನೆಯ ಕಾರ್ಯದರ್ಶಿಯಾಗಿ ದುಡಿದವಳು. ಆ ರಾತ್ರಿ ಕಾಲೇಜಿನ ಉಪನ್ಯಾಸಕಿ ಜೋ ಆನ್ ರಾಬಿನ್ಸನ್, ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಬೆಳಗಿನ ತನಕ ಹತ್ತಾರು ಸಾವಿರ ಕರಪತ್ರ ಸೈಕ್ಲೋಸ್ಟೈಲ್ ಮಾಡಿದಳು. ಮಸಿ ಮೆತ್ತಿದ ಆ ಕೈ ನಮ್ಮಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತು.

381 ದಿನ ಕಪ್ಪುಜನ ಬಸ್ಸು ಹತ್ತಲಿಲ್ಲ. ಆಡುಗುಡ್ಡದ ಬುಡದ ಚರ್ಚಿನ ತರುಣ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳು, ಅದು ಎಲ್ಲರಿಗೂ ಗೊತ್ತು. ಆದರೆ ಕೂಲಿಗೆ ಹೋಗೋರನ್ನು ಸಾಗಿಸಿದ ಸುಮಾರು 300 ಕಾರಿಗೆ ಪೆಟ್ರೋಲ್ ಯಾರು ಹಾಕಿದರು? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವಳು ಹೆಂಗಸರನ್ನು ಕೂಡಿಸಿಕೊಂಡು ಕೋಳಿ ಕರಿದು, ಕೇಕು ಮಾಡಿ ಮಾರಿ ದುಡ್ಡು ತಂದು ಸಭೆಗೆ ಸುರಿದಳು. ಎಲ್ಲಿಂದ ಬಂತು ಅಂದರೆ 'ಎಲ್ಲಿಂದಲೂ ಇಲ್ಲ'. ಬಿಳಿಯರ ಮನೆಯಲ್ಲಿ ದುಡಿಯೋರ ಹೆಸರು ಹೊರಬಂದರೆ ಅನ್ನ ಹೋಗುತ್ತಿತ್ತು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಅವಳ ಕೆಲಸವಂತೂ ಹೋಯಿತು. ಕಾಲ್ವಿನ್ ಸೇರಿ ನಾಲ್ವರು ಹೆಂಗಸರು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟು 1956ರ ನವೆಂಬರ್ 13ರಂದು ಎತ್ತಿಹಿಡಿಯಿತು.

ಗಿಲ್ಮೋರ್ ಅಲ್ಲಿಗೆ ಬಿಡಲಿಲ್ಲ. ಓಕ್ ಪಾರ್ಕ್ ಎಂಬ ಬಿಳಿಯರ ಉದ್ಯಾನವನ್ನು ಹಾದುಹೋದದ್ದಕ್ಕೆ ಅವಳ ಮಗನನ್ನು ಪೊಲೀಸರು ಹೊಡೆದಿದ್ದರು. ಉದ್ಯಾನಗಳು ಎಲ್ಲರವೂ ಆಗಲಿ ಅಂತ 1958ರಲ್ಲಿ ದಾವೆ ಬಿತ್ತು, ಅದರಲ್ಲಿ ಅವಳ ಹೆಸರಿತ್ತು. ನಗರಸಭೆ ಏನು ಮಾಡಿತು ಗೊತ್ತೆ? 1959ರ ಜನವರಿ 1ರಿಂದ ಊರಿನ ಎಲ್ಲ ಉದ್ಯಾನಕ್ಕೂ ಬೀಗ. ಮೃಗಾಲಯದ ಪ್ರಾಣಿ ಮಾರಿದರು. ಈಜುಕೊಳಕ್ಕೆ ಮಣ್ಣು ತುಂಬಿದರು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಯ ನೀರು ಮುಟ್ಟಿದಾಗ ಅಲ್ಲಿನ ಮೇಲ್ಜಾತಿಯವರು ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಇವರು ನೀರನ್ನೇ ಹೂತರು. ತಮ್ಮ ಮಕ್ಕಳೂ ಈಜದಿದ್ದರೆ ಪರವಾಗಿಲ್ಲ ಅಂದುಕೊಂಡರಲ್ಲ, ಆ ಮನಸ್ಸು ನನಗೆ ಹರಾಜಿಗಿಂತ ಹೆಚ್ಚು ಭಯ ಹುಟ್ಟಿಸುತ್ತೆ. ಉದ್ಯಾನಗಳು 1965ರಲ್ಲಿ ತೆರೆದವು, ಕೊಳ ತೆರೆಯಲಿಲ್ಲ. ಆಮೇಲೆ ಹೆದ್ದಾರಿ ಬಂತು, ಕಪ್ಪುಜನರ ಕೇರಿಯ ನಡುವೆಯೇ ಸೀಳಿಕೊಂಡು. ಆ ಇಲಾಖೆಯ ಮುಖ್ಯಸ್ಥ ಸ್ಯಾಮ್ ಎಂಗಲ್‌ಹಾರ್ಟ್ ಬಿಳಿಯರ ಕೌನ್ಸಿಲಿನ ಮುಂದಾಳಾಗಿದ್ದವನು.

1965ರ ಮಾರ್ಚ್ 25ರಂದು ಮತದ ಹಕ್ಕಿಗಾಗಿ ಸೆಲ್ಮಾದಿಂದ 87 ಕಿಲೋಮೀಟರ್ ಹೊರಟ ಮೆರವಣಿಗೆ ಡೆಕ್ಸ್‌ಟರ್ ಅವೆನ್ಯೂ ಏರಿತು. ಸುಮಾರು 25,000 ಜನ. ನಡುವೆ ಹಾದುಬಂದದ್ದು ಲೌಂಡ್ಸ್ ಕೌಂಟಿ. ಬಹುಪಾಲು ಕಪ್ಪುಜನರೇ ಇದ್ದ ಆ ಸೀಮೆಯಲ್ಲಿ ಆ ವರ್ಷದ ಮೊದಲಿಗೆ ಒಬ್ಬ ಕಪ್ಪು ಮತದಾರನೂ ಪಟ್ಟಿಯಲ್ಲಿರಲಿಲ್ಲ. ಮರುವರ್ಷ ಅಲ್ಲಿನವರು ತಮ್ಮದೇ ಪಕ್ಷ ಕಟ್ಟಿದರು. ಓದಲು ಬಾರದವರಿಗೆ ಚಿಹ್ನೆ ಬೇಕಲ್ಲ, ಕಪ್ಪು ಚಿರತೆ ಆರಿಸಿಕೊಂಡರು. ಅದೇ ಚಿರತೆ ಓಕ್‌ಲ್ಯಾಂಡಿಗೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವಾಯಿತು, 1972ರಲ್ಲಿ ಬೊಂಬಾಯಿಗೆ ಬಂದು ದಲಿತ ಪ್ಯಾಂಥರ್ ಆಯಿತು.

ಈಗ ಊರಿನ ನೂರಕ್ಕೆ ಸುಮಾರು 60 ಜನ ಕಪ್ಪುಜನ. 2019ರಲ್ಲಿ ಸ್ಟೀವನ್ ರೀಡ್ ಮೊದಲ ಕಪ್ಪು ಮೇಯರ್ ಆದರು. ಅದೇ ವರ್ಷ ಚೌಕದಲ್ಲಿ ರೋಸಾ ಪಾರ್ಕ್ಸ್ ಪ್ರತಿಮೆ ನಿಂತಿತು. ಬೀದಿಯ ಇನ್ನೊಂದು ತುದಿಯಲ್ಲಿ, ಆಡುಗುಡ್ಡದ ಮೇಲೆ, ಡೇವಿಸನ ಪ್ರತಿಮೆ ಇದೆ. ಜೂನ್ ತಿಂಗಳ ಮೊದಲ ಸೋಮವಾರ ಅವನ ಹುಟ್ಟುಹಬ್ಬಕ್ಕೆ ಅಲಬಾಮಾದ ಕಚೇರಿಗಳಿಗೆ ರಜೆ.