ತಂದೆ ಹುಟ್ಟಿದ್ದೆಲ್ಲಿ?

ಸಿಇಟಿ ರ‍್ಯಾಂಕ್ ಹಿಡಿದು ಹಳ್ಳಿಯಿಂದ ಬಂದು ಬಿಇ ಸೇರಿದ ನನ್ನಂಥವರಿಗೆ ಅಮೆರಿಕದ ಕಾಲೇಜುಗಳು ಕೇಳುವ ಪ್ರಬಂಧ ಒಂದು ವಿಚಿತ್ರವೇ. ಹದಿನೇಳು ವರ್ಷದ ಮಕ್ಕಳು 650 ಪದಗಳೊಳಗೆ ತಾವು ಯಾರು ಅಂತ ಹೇಳಬೇಕು. ಅದನ್ನು ಅಡುಗೆ ರೆಸಿಪಿಯ ಥರ, ನಾಟಕದ ಥರ ಬರೆಯೋರೂ ಇದ್ದಾರೆ. ಎಷ್ಟು ಮುಕ್ತ ಮನಸ್ಸು ಅನ್ನಿಸುತ್ತೆ ಅಲ್ವಾ? ಇದರ ಹಿಂದಿನ ಕಥೆ ಬೇರೆಯೇ ಇದೆ.

ನೂರು ವರ್ಷದ ಹಿಂದೆ ಹಾರ್ವರ್ಡ್‌ನಲ್ಲಿ ಪ್ರವೇಶ ಹೆಚ್ಚಾಗಿ ಪರೀಕ್ಷೆಯ ಮೇಲೇ ನಡೀತಿತ್ತು. ವಲಸೆ ಬಂದ ಯಹೂದಿಗಳ ಮಕ್ಕಳು ಓದಿ, ಪಾಸಾಗಿ ಒಳಗೆ ಬಂದರು. 1922ರ ಹೊತ್ತಿಗೆ ಅವರ ಪಾಲು ಶೇ 20 ದಾಟಿತ್ತು. ಅಧ್ಯಕ್ಷ ಲಾರೆನ್ಸ್ ಲೋವೆಲ್‌ಗೆ ಇದು ತಲೆನೋವಾಯ್ತು. ನೇರವಾಗಿ ಮಿತಿ ಹಾಕಲು ಹೋದರು, ಗಲಾಟೆಯಾಯ್ತು. ಸರಿ, ಅರ್ಜಿಯನ್ನೇ ಬದಲಿಸಿದರು. ನಿಮ್ಮ ಧರ್ಮ ಯಾವುದು, ತಾಯಿಯ ತವರಿನ ಹೆಸರೇನು, ತಂದೆ ಹುಟ್ಟಿದ್ದೆಲ್ಲಿ, ಹುಟ್ಟಿದ ಮೇಲೆ ಹೆಸರೇನಾದ್ರೂ ಬದಲಾಯಿಸಿದ್ದೀರಾ? ಮುಂದೆ ಫೋಟೊನೂ ಬೇಕಾಯ್ತು. ಬರೀ ಅಂಕ ಸಾಲದು, 'ಗುಣನಡತೆ' ನೋಡ್ತೇವೆ ಅಂದರು. ನಮ್ಮ ಕಡೆ "ನೀವು ಯಾವ ಪೈಕಿ?" ಅಂತ ಮೆಲ್ಲಗೆ ಕೇಳ್ತಾರಲ್ಲ, ಅದೇ ಪ್ರಶ್ನೆ ಸೂಟು ಹಾಕ್ಕೊಂಡು ಬಂದಿತ್ತು. ತನ್ನ ಬಗ್ಗೆ ತಾನೇ ಬರೆಯುವ ಪ್ರಬಂಧ ಬೇರು ಬಿಟ್ಟಿದ್ದು ಈ ಮಣ್ಣಲ್ಲೇ.

ಒಳಗಿನವರಿಗೆ ಇದ್ಯಾವುದೂ ಭಾರವಾಗಲಿಲ್ಲ. 1935ರಲ್ಲಿ ಜಾನ್ ಎಫ್. ಕೆನಡಿ ಹಾರ್ವರ್ಡ್‌ಗೆ ಬರೆದದ್ದು ಐದೇ ವಾಕ್ಯ. ಪ್ರಿನ್ಸ್‌ಟನ್‌ಗೂ ಹೆಚ್ಚುಕಮ್ಮಿ ಅದನ್ನೇ ಕಳಿಸಿದರು, ಫೈಂಡ್ ಅಂಡ್ ರಿಪ್ಲೇಸ್ ಮಾಡಿದ ಹಾಗೆ. ಅಪ್ಪ ಹಾರ್ವರ್ಡ್‌ನಲ್ಲಿ ಓದಿದವರು. ಎರಡೂ ಕಡೆ ಸೀಟು ಸಿಕ್ಕಿತು.

ಈ ಗಂಭೀರ ಪ್ರಬಂಧವನ್ನು ಹಿಡಿದು ಆಟ ಆಡಿದವನು ಹ್ಯೂ ಗ್ಯಾಲಹರ್ ಅನ್ನೋ ಹುಡುಗ. ತಾನು ಮಾಡಿದ ಅಸಾಧ್ಯ ಸಾಹಸಗಳನ್ನು ಪಟ್ಟಿ ಮಾಡ್ತಾ ಹೋಗಿ, ಕಾಲೇಜಿಗೆ ಮಾತ್ರ ಇನ್ನೂ ಹೋಗಿಲ್ಲ ಅಂತ ಮುಗಿಸಿದ. 1990ರಲ್ಲಿ 'ಹಾರ್ಪರ್ಸ್' ಪತ್ರಿಕೆ ಅದನ್ನು ಅಚ್ಚು ಹಾಕಿತು. 2010ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯ, ಬೇಕಿದ್ರೆ ಒಂದು ನಿಮಿಷದ ವಿಡಿಯೊ ಕಳಿಸಿ ಅಂದಾಗ ಸುಮಾರು ಸಾವಿರ ಮಕ್ಕಳು ಕಳಿಸಿದರು.

ಈಗ ಬೆಂಗಳೂರಲ್ಲೇ ಇಂಥ ಪ್ರಬಂಧ ತಿದ್ದಿಕೊಡೋಕೆ ದುಡ್ಡು ತಗೊಳ್ಳುವ ಕನ್ಸಲ್ಟೆಂಟ್‌ಗಳಿದ್ದಾರೆ. ನನಗೇನೋ ರ‍್ಯಾಂಕ್ ಪಟ್ಟಿಯ ಮೇಲೇ ಪ್ರೀತಿ. ಕೋಚಿಂಗ್‌ಗೆ ದುಡ್ಡಿಲ್ಲದವರಿಗೆ ಅದೂ ಅನ್ಯಾಯವೇ, ಆದರೆ ನನ್ನ ಅಪ್ಪ ಹುಟ್ಟಿದ್ದೆಲ್ಲಿ ಅಂತ ಅದು ಕೇಳಿರಲಿಲ್ಲ. ಮೊನ್ನೆ ನಮ್ಮ ಮ್ಯಾನೇಜರ್ ಮಗಳು, "ಅಜ್ಜಿಗೆ ವಾಟ್ಸಾಪ್ ಕಲಿಸಿದ್ದನ್ನ ಬಗ್ ರಿಪೋರ್ಟ್ ಥರ ಬರೀಲಾ ಅಂಕಲ್?" ಅಂದಳು. ಬರಿ, ಆದ್ರೆ ಅಜ್ಜಿ ನಿನ್ನಲ್ಲಿ ಕಂಡುಹಿಡಿದ ಬಗ್‌ಗಳನ್ನೂ ಹಾಕು ಅಂದೆ.