ಜಡ ಚಿನ್ನದ ಚಟುವಟಿಕೆ

1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಬೆಟ್ಟದಲ್ಲಿ ಸಿಕ್ಕಿದ್ದು ಅಶೋಕನ ಹೆಸರು ಹೊತ್ತ ಶಾಸನ. ಈ ಕಥೆ ನಮಗೆಲ್ಲ ಗೊತ್ತು. ಅವರು ಅರಸಿ ಬಂದ ಆ ಲೋಹದ್ದೇ ಇನ್ನೊಂದು ಕಥೆಯುಂಟು.

ಮಸ್ಕಿ ಸೀಮೆಗೆ ಚಿನ್ನ ಹೊಸದಲ್ಲ. ಹಟ್ಟಿಯ ಪ್ರಾಚೀನ ಸುರಂಗಗಳಲ್ಲಿ ದೊರೆತ ಮರದ ತುಂಡುಗಳಿಗೆ ಸುಮಾರು ಎರಡು ಸಾವಿರ ವರ್ಷ ವಯಸ್ಸು. ತುಕ್ಕು ಹಿಡಿಯದು, ಕಿಲುಬು ಕಟ್ಟದು ಎಂಬುದೇ ಚಿನ್ನದ ಹಿರಿಮೆ. ಅದೇ ಕಾರಣಕ್ಕೆ ರಸಾಯನಶಾಸ್ತ್ರಜ್ಞರು ಬಹುಕಾಲ ಅದನ್ನು ಜಡವೆಂದು ಬದಿಗಿಟ್ಟಿದ್ದರು.

ಅಷ್ಟೇ ಜಡವೆನಿಸಿದ್ದು ಇಂಗಾಲ-ಜಲಜನಕ ಬಂಧ. ಸೀಮೆಎಣ್ಣೆ, ಮೇಣ, ಗೋಬರ್ ಗ್ಯಾಸಿನ ಮೀಥೇನ್, ಎಲ್ಲದರಲ್ಲೂ ಇದೇ ಇದೆ. ಬೆಂಕಿ ಹಚ್ಚಿದರೆ ಎಲ್ಲ ಬಂಧಗಳೂ ಹರಿದು ಹೋಗುತ್ತವೆ; ಬೇಕಾದ ಒಂದನ್ನು ಮಾತ್ರ ಬಿಡಿಸುವುದು ಕಷ್ಟ. ಹಾಗಾಗಿ ಔಷಧ ತಯಾರಕರು ಸುತ್ತುದಾರಿ ಹಿಡಿಯುತ್ತಾರೆ: ಮೊದಲು ಜಲಜನಕದ ಜಾಗದಲ್ಲಿ ಕ್ಲೋರಿನ್ ಇಲ್ಲವೆ ಬ್ರೋಮಿನ್ ಕೂರಿಸಿ, ಆಮೇಲೆ ಅದನ್ನು ಎಬ್ಬಿಸಿ, ತಮಗೆ ಬೇಕಾದದ್ದನ್ನು ತರುತ್ತಾರೆ. ಪ್ರತಿ ಹೆಜ್ಜೆಗೂ ಖರ್ಚು, ಪ್ರತಿ ಹೆಜ್ಜೆಗೂ ಕಸ.

1931ರಲ್ಲಿ ಅಮೆರಿಕದ ಖರಾಷ್ ಮತ್ತು ಇಸ್‌ಬೆಲ್ ನೀರಿನಂಶವಿಲ್ಲದ ಚಿನ್ನದ ಕ್ಲೋರೈಡನ್ನು ಬೆಂಜೀನಿಗೆ ಬೆರೆಸಿದರು. ಚಿನ್ನ ಜಲಜನಕವನ್ನು ಎಬ್ಬಿಸಿ ತಾನೇ ಇಂಗಾಲದ ಪಕ್ಕ ಕುಳಿತಿತು! ಪಾದರಸಕ್ಕೆ ಈ ಗುಣವಿರುವುದನ್ನು ಜರ್ಮನಿಯ ಡಿಮ್ರೋತ್ ಹತ್ತೊಂಬತ್ತನೆಯ ಶತಮಾನದ ಕೊನೆಗೇ ತೋರಿಸಿದ್ದರು. ಆದರೆ ಕುಳಿತ ಲೋಹ ತಾನಾಗಿ ಏಳದು. ಒಂದೊಂದು ಅಣುವಿಗೂ ಒಂದೊಂದು ಚಿನ್ನದ ಪರಮಾಣು ತೆರಬೇಕು. ಸಂಬಂಧ ಕುದುರಿಸಿ ಮುಂದಿನ ಮನೆಗೆ ಹೋಗುವ ದಲ್ಲಾಳಿಯಂತೆ, ಲೋಹವೂ ಒಂದು ಅಣುವಿನ ಕೆಲಸ ಮುಗಿಸಿ ಇನ್ನೊಂದಕ್ಕೆ ಹೊರಡಬೇಕು. ಆಗಲೇ ಅದು ವೇಗವರ್ಧಕ.

ರಷ್ಯದ ಶಿಲೋವ್ ಅವರ ತಂಡ 1969ರಲ್ಲಿ ಪ್ಲಾಟಿನಂ ಲವಣದಿಂದ ಮೀಥೇನಿನ ಜಲಜನಕವನ್ನು ಅದಲುಬದಲು ಮಾಡಿತು. 1972ರಲ್ಲಿ ಅದರಿಂದ ಮೆಥನಾಲ್ ಪಡೆಯಿತು. ದಲ್ಲಾಳಿಯಾದ ಪ್ಲಾಟಿನಂ ಉಳಿಯಿತಾದರೂ, ಕ್ರಿಯೆ ಪೂರ್ಣವಾಗಲು ಪ್ಲಾಟಿನಂನದೇ ಇನ್ನೊಂದು ಲವಣ ಖರ್ಚಾಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ! 1982ರಲ್ಲಿ ಬರ್ಗ್‌ಮನ್ ಮತ್ತು ಗ್ರಹಾಂ, ಬೇರೆ ಬೇರೆಯಾಗಿ, ಇರಿಡಿಯಂ ಈ ಬಂಧದ ನಡುವೆ ನುಸುಳುವುದನ್ನು ಕಂಡರು. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1993ರದು. ಒಸಾಕಾದ ಮುರಾಯಿ ಅವರ ತಂಡದ ಪ್ರಯೋಗದಲ್ಲಿ ಅಣುವಿನಲ್ಲಿದ್ದ ಆಮ್ಲಜನಕವೇ ರುಥೇನಿಯಂನ ಕೈಹಿಡಿದು ಪಕ್ಕದ ಜಲಜನಕದ ಬಳಿಗೆ ಕರೆದೊಯ್ದಿತು. ಲೋಹ ಕೆಲಸ ಮುಗಿಸಿ ಮತ್ತೆ ಮತ್ತೆ ಹಿಂದಿರುಗಿತು.

ಚಿನ್ನದ ಸರದಿ ಬಂದದ್ದು 2004ರಲ್ಲಿ. ಅಮೆರಿಕದ ಪೆರಿಯಾನಾ ಮತ್ತು ಸಂಗಡಿಗರು ಗಂಧಕಾಮ್ಲದಲ್ಲಿ ಕರಗಿದ ಚಿನ್ನದಿಂದ ಮೀಥೇನನ್ನು ಮೆಥನಾಲ್‌ನ ಹಾದಿಗೆ ಹಚ್ಚಿದರು. ಆದರೆ ಈ ದಲ್ಲಾಳಿ ಬೇಗ ದಣಿಯುತ್ತಾನೆ. ಕೆಲವು ಸುತ್ತುಗಳಾಗುವಷ್ಟರಲ್ಲಿ ಕರಗಿದ ಚಿನ್ನ ಮತ್ತೆ ಲೋಹವಾಗಿ ಪಾತ್ರೆಯ ತಳಕ್ಕೆ ಇಳಿಯುತ್ತದೆ.